ಶುಕ್ರವಾರದ ಹುಟ್ಟುಹಬ್ಬಗಳು

ನಮ್ಮ ಚರ್ಚಿನ ಧರ್ಮೋಪದೇಶ ತರಗತಿಯಿಂದ ನಾನು ನಿವೃತ್ತಳಾದಾಗ ಒಂದು ಸನ್ಮಾನ ಇಟ್ಟುಕೊಂಡಿದ್ದರು. ಅದರ ಹಿಂದಿನ ದಿನ ಪಾಲನಾ ಮಂಡಳಿಯ ಉಪಾಧ್ಯಕ್ಷರು ಮನೆಗೆ ಬಂದರು. ಚಾ ಕುಡಿದರು, ನನ್ನ ಮೊಣಕಾಲು ನೋವಿನ ಬಗ್ಗೆ ವಿಚಾರಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು, “ಲೀನಾ ಬಾಯಿ, ನಾಳೆ ಎರಡು ಒಳ್ಳೆಯ ಮಾತು ಆಡಿ. ಸೌದಿ ವಿಷಯ ಮಾತ್ರ ಬೇಡ. ಮಕ್ಕಳೆಲ್ಲ ಇರ್ತಾರಲ್ಲ” ಎಂದರು.

“ಆಯ್ತು” ಎಂದೆ. ಮರುದಿನ ಎರಡು ಒಳ್ಳೆಯ ಮಾತು ಆಡಿದೆ, ಶಾಲು ಹೊದೆಸಿಕೊಂಡೆ, ಹಣ್ಣಿನ ಬುಟ್ಟಿ ಹಿಡಿದುಕೊಂಡು ಮನೆಗೆ ಬಂದೆ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ಬಾಯಿ ಮುಚ್ಚಿಕೊಂಡು ಕೂರುವುದು ನನ್ನ ಜಾಯಮಾನವೇ ಅಲ್ಲ. ಸಭೆ ಮುಗಿದ ಮೇಲೆ ಹೊಸದಾಗಿ ತರಗತಿ ವಹಿಸಿಕೊಂಡ ಹುಡುಗಿಯೊಬ್ಬಳು ಬಂದು, “ಟೀಚರ್, ಪ್ರೊಜೆಕ್ಟರ್ ಹಾಳಾದರೆ ಪಾಠ ಮಾಡುವುದು ಹೇಗೆ?” ಎಂದು ಕೇಳಿದಳು. ಪಾಪ, ನಿಜವಾಗಿಯೂ ಚಿಂತೆಯಿಂದಲೇ ಕೇಳಿದ್ದು. ಇದನ್ನು ಅವಳಿಗಾಗಿ ಬರೆಯುತ್ತಿದ್ದೇನೆ. ಪ್ರೊಜೆಕ್ಟರ್ ಇರಲಿ, ಪುಸ್ತಕವೂ ಇಲ್ಲದೆ, ಹಾಡಲು ದನಿಯೂ ಇಲ್ಲದೆ ಪಾಠ ಮಾಡಿದವಳು ನಾನು. ಆ ಪಾಠ ನಡೆದದ್ದು ಸೌದಿಯಲ್ಲೇ. ಅದನ್ನು ಬಿಟ್ಟು ನನ್ನ ಬಳಿ ಹೇಳಲಿಕ್ಕೆ ಬೇರೆ ಎಂತದ್ದೂ ಇಲ್ಲ.

ಮೊದಲಿಗೆ ಆಫ್ರಿಕಾದ ಮಾತು. ನನ್ನ ತಾಯಿಯ ಅಕ್ಕ ಅಲ್ಲಿ ಮಿಷನರಿ ಕನ್ಯಾಸ್ತ್ರೀಯಾಗಿದ್ದರು. ಐದು ವರ್ಷಕ್ಕೊಮ್ಮೆ ಊರಿಗೆ ಬಂದಾಗ ನಾವು ಮಕ್ಕಳು ಅವರ ಸುತ್ತ ಕೂರುತ್ತಿದ್ದೆವು. ಬೆಳಿಗ್ಗೆ ಎದ್ದು ಮಕ್ಕಳ ಜೊತೆ ಹೊಳೆಯಿಂದ ನೀರು ತರುವುದು, ಗಂಜಿ ಬೇಯಿಸುವುದು, ಅವರ ಪಾದದ ಹುಣ್ಣು ತೊಳೆದು ಬಟ್ಟೆ ಕಟ್ಟುವುದು, ಮತ್ತೆ ಮರದ ಕೆಳಗೆ ಪಾಠ. “ಮೊದಲು ಮಗುವಿನ ಹೊಟ್ಟೆ ನೋಡಬೇಕು, ಮತ್ತೆ ಕಾಲು ನೋಡಬೇಕು. ಅಷ್ಟಾದ ಮೇಲೆ ದೇವರ ಸುದ್ದಿ” ಎನ್ನುತ್ತಿದ್ದರು. ನನಗೂ ಅದೇ ಹುಚ್ಚು ಹಿಡಿಯಿತು. ಆಫ್ರಿಕಾಕ್ಕೆ ಹೋಗುತ್ತೇನೆಂದು ಹದಿನೇಳಕ್ಕೇ ಕಾನ್ವೆಂಟ್ ಸೇರಿದೆ. ಅಲ್ಲಿ ದೊಡ್ಡ ಮನೆತನದ ಹುಡುಗಿಯರಿಗೆ ಕಸೂತಿ, ನಮ್ಮಂಥವರಿಗೆ ಪಾತ್ರೆ ತಿಕ್ಕುವುದು. ಇದು ಯಾಕೆ ಹೀಗೆ ಎಂದು ನಾನು ಊಟದ ಕೋಣೆಯಲ್ಲಿ ಎಲ್ಲರ ಎದುರೇ ಕೇಳಿಬಿಟ್ಟೆ. ಎಂಟು ತಿಂಗಳಲ್ಲಿ ಪೆಟ್ಟಿಗೆ ಸಮೇತ ಮನೆಗೆ ಕಳಿಸಿದರು. “ಈ ಹುಡುಗಿಯ ನಾಲಗೆಗೆ ಕಾನ್ವೆಂಟ್ ಆಗಿಬರುವುದಿಲ್ಲ” ಎಂದು ಮದರ್ ಸುಪೀರಿಯರ್ ನನ್ನ ಅಪ್ಪನಿಗೆ ಬರೆದಿದ್ದರು. ಅಪ್ಪ ಆ ಕಾಗದ ಓದಿ ಅತ್ತರು, ನಾನು ಅಳಲಿಲ್ಲ.

ಆಮೇಲೆ ನರ್ಸಿಂಗ್ ಕಲಿತೆ, ಫೆಲಿಕ್ಸರನ್ನು ಮದುವೆಯಾದೆ, ಎಂಬತ್ತರ ದಶಕದ ಮೊದಲಿಗೆ ಇಬ್ಬರೂ ಸೌದಿಯ ಯಾನ್ಬುವಿಗೆ ಹೋದೆವು. ಅವರಿಗೆ ಬಂದರಿನಲ್ಲಿ ಸ್ಟೋರ್‌ಕೀಪರ್ ಕೆಲಸ, ನನಗೆ ಆಸ್ಪತ್ರೆಯ ಮಕ್ಕಳ ವಾರ್ಡು. ಹಳೇ ಊರಿನ ಒಂದು ಮನೆಯ ಮಾಳಿಗೆಯಲ್ಲಿ ನಾವು, ಕೆಳಗೆ ಮನೆ ಮಾಲೀಕನ ತಾಯಿ ಉಮ್ಮ್ ಖಾಲಿದ್. ಟೆರೇಸಿನಲ್ಲಿ ಬಟ್ಟೆ ಒಣಗಿಸುವಾಗ ಕೆಂಪು ಸಮುದ್ರ ಕಾಣುತ್ತಿತ್ತು. ಅದರ ಆಚೆ ದಡ ಆಫ್ರಿಕಾ. “ಇಷ್ಟೇ ದೂರದಲ್ಲಿ ತಪ್ಪಿತಲ್ಲ ಮಾರಾಯ್ತಿ” ಎಂದು ಫೆಲಿಕ್ಸ್ ತಮಾಷೆ ಮಾಡುತ್ತಿದ್ದರು.

ವಾರ್ಡಿನ ಕೆಲಸ ಬೆಳಿಗ್ಗೆ ಏಳಕ್ಕೆ ಶುರು. ಭೇದಿ, ಸುಟ್ಟ ಗಾಯ, ಚೇಳು ಕಚ್ಚಿದ್ದು, ಆಟವಾಡುತ್ತಾ ಸೀಮೆಎಣ್ಣೆ ಕುಡಿದದ್ದು. ಮರುಭೂಮಿಯಿಂದ ಬಂದ ಅಜ್ಜಿಯರು ಮೊಮ್ಮಗುವಿನ ಮಂಚದ ಕೆಳಗೇ ಚಾಪೆ ಹಾಸಿ ಒಲೆ ಹಚ್ಚಲು ನೋಡುತ್ತಿದ್ದರು. ಅವರ ಜೊತೆ ಜಗಳವಾಡುತ್ತಲೇ ನಾನು ಅರಬಿ ಕಲಿತೆ. ನಮ್ಮ ಮೇಟ್ರನ್ ಐರಿಷ್ ಹೆಂಗಸು, ಕಡ್ಡಿ ಮುರಿದಂತೆ ಮಾತು. ಮೊದಲ ದಿನವೇ ನನಗೆ ಹೇಳಿದ್ದು ಒಂದೇ: “ಇಲ್ಲಿ ನೀನು ನರ್ಸ್, ಮತ್ತೇನೂ ಅಲ್ಲ. ನೆನಪಿರಲಿ.” ಎರಡು ವರ್ಷ ನೆನಪಿಟ್ಟುಕೊಂಡೆ.

ಮೂರನೇ ವರ್ಷ ನಮ್ಮೂರ ಕಡೆಯ ಒಂದು ಮಗು, ಮೆಲ್ವಿನ್, ತಾಯಿಯ ಜೊತೆ ನಮ್ಮ ಮನೆಗೆ ಬಂದಿತ್ತು. ಕಪಾಟಿನ ಬಾಗಿಲ ಒಳಗೆ ನಾನು ಅಂಟಿಸಿದ್ದ ಮಾತೆ ಮರಿಯಮ್ಮನ ಚಿತ್ರ ನೋಡಿ, “ಆಂಟಿ, ಇದು ಯಾರು, ನಿಮ್ಮ ಅಮ್ಮನಾ?” ಎಂದು ಕೇಳಿತು. ಆ ಮಗುವಿಗೆ ಏಳು ದಾಟಿತ್ತು, ಶಿಲುಬೆಯ ಗುರುತು ಹಾಕಲೂ ಬರುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. “ಎಂತದ್ದು ಇದು? ಮಗುವಿಗೆ ಒಂದು ಪ್ರಾರ್ಥನೆ ಕಲಿಸಲಿಕ್ಕೆ ನಿಮಗೆ ಯಾರ ಪರ್ಮಿಶನ್ ಬೇಕು?” ಎಂದು ಅವನ ತಾಯಿಯನ್ನು ಬೈದೆ. ಅವಳು ತಣ್ಣಗೆ, “ಮಗು ಶಾಲೆಯಲ್ಲಿ ಬಾಯಿಬಿಟ್ಟರೆ? ನಿಮಗೆ ಧೈರ್ಯ ಇದ್ದರೆ ನೀವೇ ಕಲಿಸಿ” ಎಂದಳು. ಕಲಿಸಿದೆ.

ಅಲ್ಲಿ ಚರ್ಚಿಲ್ಲ, ಪೂಜೆಯಿಲ್ಲ, ನಮ್ಮ ಪ್ರಾರ್ಥನೆಗೆ ನಾಲ್ಕು ಜನ ಸೇರುವುದೂ ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ಇಕಾಮಾ, ಅಂದರೆ ಅಲ್ಲಿ ಇರಲಿಕ್ಕೆ ಕೊಟ್ಟ ಪರವಾನಗಿ, ರದ್ದು, ಮೊದಲ ವಿಮಾನ ಹತ್ತಿಸಿ ಊರಿಗೆ. ಆದ್ದರಿಂದ ಶುಕ್ರವಾರ ರಜೆಯ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಹುಟ್ಟುಹಬ್ಬ. ಮೇಜಿನ ಮೇಲೆ ಕೇಕ್, ಗೋಡೆಗೆ ಬೆಲೂನ್. ಯಾರು ಬಾಗಿಲು ಬಡಿದರೂ ಮಕ್ಕಳು ಕೇಕಿನ ಸುತ್ತ ನಿಲ್ಲಬೇಕು. ಪುಸ್ತಕ ಇಲ್ಲ, ಎಲ್ಲ ಬಾಯಿಪಾಠ. ನೋಹನ ನಾವೆಯನ್ನು ಚಪಾತಿ ಹಿಟ್ಟಿನಲ್ಲಿ ಮಾಡಿ, ಪಾಠ ಮುಗಿದ ಮೇಲೆ ಪ್ರಾಣಿಗಳನ್ನೆಲ್ಲ ಸುಟ್ಟು ತಿನ್ನುತ್ತಿದ್ದೆವು. ಪಾದ್ರಿಯ ಕೈಯಿಂದ ಮೊದಲ ಸಲ ಪೂಜೆಯ ರೊಟ್ಟಿ ತೆಗೆದುಕೊಳ್ಳುವ ಪ್ರಥಮ ಪರಮ ಪ್ರಸಾದಕ್ಕೆ ತಯಾರಿ ಮಾಡಿಸುವಾಗ ಕುಬೂಸ್ ರೊಟ್ಟಿಯನ್ನು ಕೆಮ್ಮಿನ ಔಷಧದ ಬಾಟಲಿ ಮುಚ್ಚಳದಿಂದ ದುಂಡಗೆ ಕತ್ತರಿಸಿ ನಾಲಗೆಯ ಮೇಲಿಡುತ್ತಿದ್ದೆ. ಹಾಡುವುದಕ್ಕೆ ಮಾತ್ರ ವಾಷಿಂಗ್ ಮೆಷಿನ್ ಬೇಕಿತ್ತು. ಅದರ ಗಡಗಡ ಶಬ್ದದ ಅಡಿಯಲ್ಲಿ ಮಕ್ಕಳು ಹಾಡುತ್ತಿದ್ದರು. ತೊಳೆದ ಬಟ್ಟೆಯನ್ನೇ ಎಷ್ಟು ಸಲ ತೊಳೆದೆನೋ, ಫೆಲಿಕ್ಸರ ಒಂದು ನೀಲಿ ಅಂಗಿ ಬಿಳಿಯಾಯಿತು.

ಮಕ್ಕಳು ಏಳಾದರು. ಎಲ್ಲರಿಗೂ ಕೇಕ್ ಹಾಕಿಕೊಡಲು ನನ್ನ ಬಳಿ ತಟ್ಟೆ ಸಾಲದೆ, ಒಬ್ಬೊಬ್ಬರು ಮನೆಯಿಂದ ಒಂದೊಂದು ತರುತ್ತಿದ್ದರು. ಪ್ಲಾಂಟಿನಲ್ಲಿ ಎಂಜಿನಿಯರ್ ಆಗಿದ್ದ ನಮ್ಮವರೊಬ್ಬರು ತಮ್ಮ ಕಂಪನಿ ವ್ಯಾನಿನಲ್ಲಿ ಮಕ್ಕಳನ್ನು ತಂದು ಬಿಡುತ್ತಿದ್ದರು. ಅವರ ನಿಜ ಹೆಸರು ಹೇಳುವುದಿಲ್ಲ, ಗ್ರೆಗರಿ ಎಂದಿಟ್ಟುಕೊಳ್ಳಿ. ನಾನೇನೂ ಸುಳ್ಳು ಹೇಳಬಾರದು: ಅವರಿಲ್ಲದಿದ್ದರೆ ನಮ್ಮ ತರಗತಿ ಎರಡು ವಾರವೂ ನಡೆಯುತ್ತಿರಲಿಲ್ಲ. ಅವರ ಒಬ್ಬಳೇ ಮಗಳು ಶೆರಲ್ ತರುತ್ತಿದ್ದದ್ದು ಗುಲಾಬಿ ಅಂಚಿನ ಮೆಲಮೈನ್ ತಟ್ಟೆ.

ಇನ್ನು ನನ್ನ ಮೂರ್ಖತನ ಕೇಳಿ. ಯಾವ ವಾರ ಯಾರ ಹುಟ್ಟುಹಬ್ಬ ಎಂದು ಬರೆದಿಟ್ಟರೆ ಆ ಕಾಗದವೇ ಸಾಕ್ಷಿಯಾಗುತ್ತದೆಂದು ಎಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದೆ. ನೈಟ್ ಡ್ಯೂಟಿ ಮುಗಿಸಿ ಬಂದ ತಲೆಗೆ ಮೊದಲು ನೆನಪಾಗುತ್ತಿದ್ದದ್ದು ಮೆಲ್ವಿನ್ ಒಬ್ಬನೇ. ಕೆಳಗಿನ ಉಮ್ಮ್ ಖಾಲಿದ್ ಪ್ರತಿ ಶುಕ್ರವಾರ ಮೆಟ್ಟಿಲಲ್ಲಿ ಸಿಕ್ಕಿ, “ಇವತ್ತು ಯಾರದ್ದು?” ಎಂದು ಕೇಳುತ್ತಿದ್ದರು. ತಮ್ಮಲ್ಲಿ ಹುಟ್ಟುಹಬ್ಬದ ರೂಢಿ ಇಲ್ಲದಿದ್ದರೂ ಮಗುವಿನ ಸಂಭ್ರಮಕ್ಕೆಂದು ಖರ್ಜೂರವೋ ಚಾಕಲೇಟೋ ಕೊಡುತ್ತಿದ್ದರು. ಒಂದು ಶುಕ್ರವಾರ ಖರ್ಜೂರದ ಡಬ್ಬಿ ಹಿಡಿದು ಅವರೇ ಮೇಲೆ ಹತ್ತಿ ಬಂದುಬಿಟ್ಟರು.

“ಯಾ ಲೀನಾ, ನಾನು ಒಂಬತ್ತು ಹೆತ್ತವಳು. ನನ್ನ ಒಂದು ಮಗುವೂ ಒಂದೇ ವರ್ಷದಲ್ಲಿ ನಾಲ್ಕು ಸಲ ಎಂಟು ತುಂಬಿಸಿಕೊಳ್ಳಲಿಲ್ಲ” ಎಂದರು.

ಒಳಗೆ ಮೆಷಿನ್ ಗಡಗಡ ಎನ್ನುತ್ತಿತ್ತು, ಮಕ್ಕಳು ಕೈಜೋಡಿಸಿಕೊಂಡು ನಿಂತಿದ್ದರು. ಕೇಕಿನ ಸುತ್ತ ನಿಲ್ಲಬೇಕೆಂಬುದು ಒಂದಕ್ಕೂ ನೆನಪಾಗಲಿಲ್ಲ. ಉಮ್ಮ್ ಖಾಲಿದ್ ನೆಲದ ಮೇಲೆ ಕೂತು, “ಏನು ಮಾಡ್ತಾ ಇದ್ದೀಯ ಮಗಾ?” ಎಂದು ಮೆಲ್ವಿನನನ್ನು ಕೇಳಿದರು. ಅವನು ತನ್ನ ಮುರುಕು ಅರಬಿಯಲ್ಲಿ, “ದೇವರ ಹತ್ತಿರ ಮಾತಾಡ್ತಾ ಇದ್ದೇವೆ” ಎಂದ. ಮುಗಿಯಿತು ಕಥೆ ಎಂದುಕೊಂಡೆ.

ಅವರು ಖರ್ಜೂರದ ಡಬ್ಬಿಯನ್ನು ಅವನ ಕೈಗಿಟ್ಟು, “ಆ ಮೆಷಿನ್ ನಿಲ್ಲಿಸು. ನನ್ನ ಚಾವಣಿ ನಡುಗುತ್ತದೆ. ಮಕ್ಕಳು ಮೆತ್ತಗೆ ಹಾಡಿದರೆ ನನಗೇನೂ ಕೇಳುವುದಿಲ್ಲ, ನನ್ನ ಕಿವಿ ಮಂದ” ಎಂದರು. ಕಿವಿ ಮಂದವಂತೆ! ಪಕ್ಕದ ಮನೆಯ ಟ್ಯಾಂಕಿಗೆ ನೀರು ಬಂದದ್ದು ಆ ಬೀದಿಯಲ್ಲಿ ಮೊದಲು ತಿಳಿಯುತ್ತಿದ್ದದ್ದೇ ಅವರಿಗೆ.

ಸೆಲಾಂ ನಮ್ಮ ತರಗತಿಗೆ ಬಂದದ್ದು ಇದಾದ ಮೇಲೆ. ವಾರ್ಡಿನಲ್ಲಿ ಗುಡಿಸಿ ಒರೆಸುವ ಅಬ್ರೆಹೆತ್ ಎಂಬವಳಿದ್ದಳು, ಎರಿಟ್ರಿಯಾದವಳು. ಯುದ್ಧದ ಕಾಲದಲ್ಲಿ ಸಮುದ್ರ ದಾಟಿ ಬಂದವಳು. ಒಂದು ದಿನ ನಾನು ಚಾದರ ತೆಗೆಯಲು ಬಟ್ಟೆ ಕೋಣೆಗೆ ಹೋದರೆ, ಚಾದರದ ರಾಶಿಯ ನಡುವೆ ಒಂದು ಹುಡುಗಿ ಕೂತಿತ್ತು. ಅಬ್ರೆಹೆತ್ ಓಡಿಬಂದು ನನ್ನ ಕಾಲು ಹಿಡಿಯಲು ಬಂದಳು. ಮಗಳು ಸೆಲಾಂ ಆಮೇಲೆ ಬೇರೆಯವರ ಜೊತೆ ದಾಟಿ ಬಂದವಳು, ಇಕಾಮಾ ಇಲ್ಲ, ಶಾಲೆಯಿಲ್ಲ, ಮನೆಯಲ್ಲಿ ಒಂಟಿಯಾಗಿ ಬಿಡಲು ಹೆದರಿಕೆ. ನಾನು ಗ್ಲೌಸ್ ಕಳಚಿ ಅಬ್ರೆಹೆತಳ ಕೈ ಹಿಡಿದು ಎಬ್ಬಿಸಿದೆ. ಆಗ ಅವಳಿಗೆ ನನ್ನ ಬೆರಳಿನಲ್ಲಿದ್ದ, ಶಿಲುಬೆ ಕೆತ್ತಿದ ಜಪದ ಉಂಗುರ ಕಂಡಿತು. ಆಚೀಚೆ ನೋಡಿ, ಹಣೆಯ ಮೇಲಿನ ತಲೆವಸ್ತ್ರವನ್ನು ಒಂದಿಷ್ಟು ಮೇಲೆತ್ತಿದಳು. ಅಲ್ಲಿ ಹಚ್ಚೆಯ ಒಂದು ಪುಟ್ಟ ಶಿಲುಬೆ ಇತ್ತು.

ಆಫ್ರಿಕಾಕ್ಕೆ ನಾನು ಹೋಗಲಾಗದಿದ್ದರೆ ಏನಂತೆ, ಅದೇ ನನ್ನ ಬಟ್ಟೆ ಕೋಣೆಗೆ ಬಂದಿತ್ತು. ದೊಡ್ಡಮ್ಮ ಹೇಳಿದ ಕ್ರಮದಲ್ಲೇ ಮಾಡಿದೆ. ಮೊದಲು ಮಗುವಿನ ಹೊಟ್ಟೆಗೆ ಹಾಕಿದೆ, ಹಿಮ್ಮಡಿಯ ಕೀವು ತೆಗೆದೆ, ಆಮೇಲೆ ಶುಕ್ರವಾರ ಬಾ ಎಂದೆ. ಅಲ್ಲೂ ಒಂದು ತಪ್ಪು ಮಾಡಿದೆ. ಉಳಿದ ಮಕ್ಕಳ ಜೊತೆ ಅವಳಿಗೂ ಪ್ರಾರ್ಥನೆಗಳನ್ನು ನಮ್ಮ ಕೊಂಕಣಿಯಲ್ಲೇ ಬಾಯಿಪಾಠ ಮಾಡಿಸಿದೆ. ಎರಡೇ ತಿಂಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳಿದಳು, ನಾನು ಉಬ್ಬಿಹೋದೆ. ಅಬ್ರೆಹೆತ್ ಮಾತ್ರ ನೆಲ ಒರೆಸುತ್ತಾ, “ಸಿಸ್ಟರ್, ಚೆನ್ನಾಗಿ ಹೇಳ್ತಾಳೆ. ಆದರೆ ಊರಲ್ಲಿ ಅವಳ ಅಜ್ಜಿ ಇದ್ದಾಳಲ್ಲ, ಅವಳಿಗೆ ಅರ್ಥ ಆಗುವುದಿಲ್ಲ” ಎಂದಳು. ನಾಚಿಕೆಯಾಯಿತು. ಅವತ್ತಿನಿಂದ ಅಬ್ರೆಹೆತಳನ್ನೂ ಶುಕ್ರವಾರ ಕರೆದೆ. ಅವಳು ಮಗಳಿಗೆ ತನ್ನ ಭಾಷೆಯಲ್ಲಿ ಕಲಿಸುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ.

ಮೂರು ವಾರ ಕಳೆದ ಮೇಲೆ ಗ್ರೆಗರಿ ಮಕ್ಕಳನ್ನು ಬಿಡಲು ಬಂದವರು ಒಳಗೆ ಬಂದು ಕೂತರು.

“ಲೀನಾ ಬಾಯಿ, ಆ ಹುಡುಗಿಗೆ ಇಕಾಮಾ ಇಲ್ಲಂತೆ. ಸಿಕ್ಕಿಬಿದ್ದರೆ ನಮಗೆಲ್ಲ ಕಷ್ಟ.”

“ಸಿಕ್ಕಿಬಿದ್ದರೆ ಹೇಗೂ ಎಲ್ಲರಿಗೂ ಕಷ್ಟವೇ ಅಲ್ವಾ?” ಎಂದೆ.

“ಅದಲ್ಲ. ಬೇಕಾದರೆ ಅವಳಿಗೆ ಬೇರೆ ದಿನ ಮಾಡಿ. ನಮ್ಮ ಮಕ್ಕಳ ಒಟ್ಟಿಗೆ ಯಾಕೆ?”

“ನಮ್ಮ ಮಕ್ಕಳು ಅಂದರೆ ಯಾರು?”

ಅವರ ಮುಖ ಕೆಂಪಾಯಿತು. “ನೀವು ಹೇಗೂ ವಾದ ಮಾಡ್ತೀರಿ. ಕಳೆದ ವಾರ ನನ್ನ ಮಗಳ ಪ್ಲೇಟಿನಲ್ಲಿ ಅವಳು ಕೇಕ್ ತಿಂದಳಂತೆ. ಆಸ್ಪತ್ರೆ ಕಸ ಗುಡಿಸುವವಳ ಮಗಳು! ಆ ಪ್ಲೇಟ್ ನಮಗೆ ಬೇಡ, ಬಿಸಾಡಿ.”

ಸೆಲಾಂ ತಟ್ಟೆ ತಂದಿರಲಿಲ್ಲ. ಶೆರಲ್ ತಾನಾಗಿ ತನ್ನದನ್ನು ಮುಂದೆ ಮಾಡಿ, ಇಬ್ಬರೂ ಒಂದರಲ್ಲೇ ತಿಂದಿದ್ದರು. ನಾನು ಕಲಿಸಿದ ಪಾಠಗಳಲ್ಲಿ ನಿಜವಾಗಿ ಹತ್ತಿದ್ದು ಅದೊಂದೇ ಇರಬೇಕು. “ಗ್ರೆಗರಿಯವರೇ, ತಟ್ಟೆ ನನ್ನ ಹತ್ತಿರ ಇರಲಿ. ಸೆಲಾಂ ಬರ್ತಾಳೆ. ಇಷ್ಟವಿಲ್ಲದವರು ಬರುವುದು ಬೇಡ” ಎಂದೆ. ಫೆಲಿಕ್ಸ್ ಬಾಗಿಲ ಹಿಂದಿನಿಂದ ಸುಮ್ಮನಿರು ಎಂದು ಸನ್ನೆ ಮಾಡುತ್ತಲೇ ಇದ್ದರು. ನಾನು ಆ ಕಡೆ ನೋಡಲಿಲ್ಲ.

ಎರಡು ವಾರದಲ್ಲಿ ಮೇಟ್ರನ್ ನನ್ನನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ಟೈಪ್ ಮಾಡಿದ, ಸಹಿಯಿಲ್ಲದ ಒಂದು ಇಂಗ್ಲಿಷ್ ಕಾಗದ. ಈ ನರ್ಸ್ ಪರವಾನಗಿಯಿಲ್ಲದೆ ಮನೆಯಲ್ಲಿ ಶಾಲೆ ನಡೆಸುತ್ತಾಳೆ, ಆಸ್ಪತ್ರೆಯ ಕೆಲಸದವಳು ದಾಖಲೆಯಿಲ್ಲದ ಮಗಳನ್ನು ಅಲ್ಲಿಗೆ ತರುತ್ತಾಳೆ ಎಂದಿತ್ತು. ಪ್ರಾರ್ಥನೆಯ ಸುದ್ದಿ ಒಂದಕ್ಷರ ಇಲ್ಲ. ಅದನ್ನು ಬರೆದರೆ ಬರೆದವರ ಕುತ್ತಿಗೆಗೂ ಬರುತ್ತಿತ್ತಲ್ಲ. ಕೆಳಗೆ ಬರುವ ಮಕ್ಕಳ ಹೆಸರು, ವಯಸ್ಸು ಪಟ್ಟಿ ಮಾಡಿದ್ದರು. ಕೊನೆಗೆ ‘ಕೆಲಸದವಳ ಮಗಳು’ ಎಂದಷ್ಟೇ ಇತ್ತು, ಸೆಲಾಂಗೆ ಹೆಸರೂ ಇರಲಿಲ್ಲ. ನಾನು ಆ ಪಟ್ಟಿಯನ್ನು ಎರಡು ಸಲ ಓದಿದೆ. ಸೆಲಾಂ ಸೇರಿ ನನ್ನ ಮನೆಗೆ ಎಂಟು ಮಕ್ಕಳು ಬರುತ್ತಿದ್ದರು. ಪಟ್ಟಿಯಲ್ಲಿ ಏಳೇ. ಶೆರಲ್ ಇರಲಿಲ್ಲ.

“ಯಾರು ಬರೆದದ್ದೆಂದು ಗೊತ್ತಾ?” ಮೇಟ್ರನ್ ಕೇಳಿದರು.

“ಗೊತ್ತು” ಎಂದೆ. ಹೆಸರು ಹೇಳಲಿಲ್ಲ. ಹೇಳಿದರೆ ಅವರ ಮನೆಯನ್ನೂ ಶೋಧಿಸುತ್ತಿದ್ದರು, ಶೆರಲಳ ಕೋಣೆಯನ್ನೂ.

ಮೇಟ್ರನ್ ಕಾಗದವನ್ನು ಮಡಚಿದರು. “ಡೈರೆಕ್ಟರ್ ಓದಿದ್ದಾರೆ. ನಾನು ಮಾಡಬಹುದಾದದ್ದು ಇಷ್ಟೇ, ನೀನಾಗಿ ರಾಜೀನಾಮೆ ಕೊಟ್ಟಂತೆ ಬರೆಸುತ್ತೇನೆ. ತಿಂಗಳ ಕೊನೆಗೆ ನೀನು ಊರಿಗೆ. ಅಬ್ರೆಹೆತ್ ಇದೇ ಶನಿವಾರ ಹಡಗಿನಲ್ಲಿ ಸುಡಾನಿಗೆ” ಎಂದರು. “ನೀನು ನರ್ಸ್ ಮಾತ್ರ ಎಂದು ಹೇಳಿದ್ದೆನಲ್ಲ?”

“ಹೇಳಿದ್ದಿರಿ ಮೇಡಂ. ನನ್ನ ಕೈಯಲ್ಲಿ ಆಗಲಿಲ್ಲ.”

ಅವರು ಬೈಯುತ್ತಾರೆ ಎಂದುಕೊಂಡೆ. ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

ನನ್ನ ಕೆಲಸ ಹೋದದ್ದಕ್ಕೆ ನಾನು ಅಳಲಿಲ್ಲ. ಆದರೆ ಸೆಲಾಂ? ಪರಮ ಪ್ರಸಾದಕ್ಕೆಂದು ನಾಲ್ಕು ತಿಂಗಳು ತಯಾರಾದ ಮಗು. ಶನಿವಾರ ಹೊರಟರೆ ಯಾವ ಊರಿನ ಯಾವ ಶಿಬಿರಕ್ಕೋ, ಅಲ್ಲಿ ಯಾರಿಗೆ ಅವಳ ನೆನಪು ಬರಬೇಕು? ಬೇರೆ ಊರಿನ ಕಂಪನಿಯಲ್ಲಿ ಅನುವಾದಕರೆಂದು ಕೆಲಸಕ್ಕಿದ್ದ ಪಾದ್ರಿಯೊಬ್ಬರು ಗುಟ್ಟಾಗಿ ಬಂದು ಪೂಜೆ ಮಾಡುತ್ತಿದ್ದರು. ಮಕ್ಕಳಿಗೆ ಅವರು ‘ಅಂಕಲ್’. ಅವರು ಬರಬೇಕಾದದ್ದು ಮುಂದಿನ ತಿಂಗಳು. ಫೋನ್ ಮಾಡಿದೆ. “ಅಂಕಲ್, ಕೇಕ್ ಈ ಶುಕ್ರವಾರವೇ ಕತ್ತರಿಸಬೇಕು. ಮಗು ಊರು ಬಿಡ್ತಾ ಉಂಟು.”

“ಎಷ್ಟು ಮಕ್ಕಳು?” ಎಂದರು.

“ಒಂದೇ.”

“ಬರ್ತೇನೆ” ಎಂದರು.

ಒಂದೇ ಎಂದು ಹೇಳಿದ್ದು ಸುಮ್ಮನೆ ಅಲ್ಲ. ಕಾಗದದ ಸುದ್ದಿ ಹರಡಿ ಎಲ್ಲ ಮನೆಯವರೂ ಹೆದರಿ ಹೋಗಿದ್ದರು, ಮೆಲ್ವಿನನ ತಾಯಿಯೂ. ನಾನು ಅವರನ್ನು ದೂರುವುದಿಲ್ಲ, ಹೊಟ್ಟೆಪಾಡು ಯಾರಿಗಿಲ್ಲ? ಶುಕ್ರವಾರ ಬೆಳಿಗ್ಗೆ ಮನೆಯಲ್ಲಿದ್ದದ್ದು ನಾನು, ಫೆಲಿಕ್ಸ್, ಆರೇಳು ತಾಸು ಕಾರು ಓಡಿಸಿ ಬಂದ ಅಂಕಲ್, ಅಬ್ರೆಹೆತ್, ಸೆಲಾಂ. ಉಮ್ಮ್ ಖಾಲಿದ್ ಒಂದು ಪೊಟ್ಟಣ ಹಿಡಿದು ಬಂದರು.

“ಇವತ್ತು ಯಾರದ್ದು?”

“ಸೆಲಾಂದು.”

“ಎಷ್ಟು ತುಂಬಿತು?”

ನಾನು ಅಬ್ರೆಹೆತಳ ಮುಖ ನೋಡಿದೆ. ಅವಳು ತಲೆ ತಗ್ಗಿಸಿದಳು. ಮಗು ಹುಟ್ಟಿದ್ದು ಊರು ಬಿಟ್ಟು ಓಡುವಾಗ, ದಾರಿಯಲ್ಲಿ. ದಿನ, ತಿಂಗಳು ಅವಳಿಗೆ ಗೊತ್ತಿರಲಿಲ್ಲ.

“ಹಾಗಾದರೆ ಇವತ್ತೇ” ಎಂದರು ಉಮ್ಮ್ ಖಾಲಿದ್. “ಒಂಬತ್ತು ಎಂದಿಟ್ಟುಕೊಳ್ಳಿ.” ಪೊಟ್ಟಣ ಸೆಲಾಂ ಕೈಗೆ ಕೊಟ್ಟು ಕೆಳಗಿಳಿದು, ಹೊರಬಾಗಿಲ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತರು. ಪೊಟ್ಟಣದಲ್ಲಿ ಬಿಳಿ ಸಾಕ್ಸ್ ಇತ್ತು.

ಪೂಜೆ ಶುರುವಾಗುವ ಹೊತ್ತಿಗೆ ಬಾಗಿಲು ಬಡಿಯಿತು. ತೆರೆದರೆ ಗ್ರೆಗರಿಯವರ ಹೆಂಡತಿ ಗ್ರೆಟ್ಟಾ, ಶೆರಲಳ ಕೈ ಹಿಡಿದು ನಿಂತಿದ್ದರು. ಟ್ಯಾಕ್ಸಿಯಲ್ಲಿ ಬಂದದ್ದಂತೆ. ಮಗಳ ಕಪ್ಪು ಹೊದಿಕೆಯ ಕೆಳಗೆ ಬಿಳಿ ಫ್ರಾಕ್.

“ಅವರಿಗೆ ಗೊತ್ತಿಲ್ಲ” ಎಂದರು ಗ್ರೆಟ್ಟಾ. ಅವರ ಕಣ್ಣು ಅತ್ತು ಊದಿತ್ತು. “ಟೈಪ್‌ರೈಟರ್ ನಮ್ಮ ಮನೆಯಲ್ಲೇ ಇರುವುದು ಲೀನಾ ಬಾಯಿ. ನಾನು ಎಂತ ಹೇಳಲಿ? ಇವಳು ಸೆಲಾಂ ಒಟ್ಟಿಗೆ ತಯಾರಾದದ್ದಲ್ವಾ, ಒಟ್ಟಿಗೇ ತಗೊಳ್ಳಲಿ.”

ಇಬ್ಬರೂ ಅಕ್ಕಪಕ್ಕ ಮೊಣಕಾಲೂರಿದರು. ಸೆಲಾಂ ತನ್ನ ಪ್ರಾರ್ಥನೆಯನ್ನು ತನ್ನ ತಾಯಿಯ ಭಾಷೆಯಲ್ಲಿ ಹೇಳಿದಳು. ಮೆಷಿನ್ ಹಾಕಲಿಲ್ಲ. ಆಮೇಲೆ ಕೇಕ್ ಕತ್ತರಿಸಿದೆವು. ನಾನು ಕಪಾಟಿನಿಂದ ಗುಲಾಬಿ ಅಂಚಿನ ತಟ್ಟೆ ತೆಗೆದು ಗ್ರೆಟ್ಟಾರ ಎದುರಿಗೇ ಇಟ್ಟೆ. ಅವರೇ ತಮ್ಮ ಕೈಯಾರೆ ಅದರಲ್ಲಿ ಎರಡು ತುಂಡು ಹಾಕಿ ಇಬ್ಬರು ಹುಡುಗಿಯರ ನಡುವೆ ಇಟ್ಟರು. ನಾನು ಅತ್ತದ್ದು ಆಗ.

ಊರಿಗೆ ಬಂದ ಮೇಲೆ ಈ ಚರ್ಚಿನಲ್ಲಿ ಪಾಠ ಶುರು ಮಾಡಿದೆ. ಸಂಬಳದ ಕೆಲಸವೂ ಅಲ್ಲ, ಬಡ್ತಿಯೂ ಇಲ್ಲ. ಗ್ರೆಗರಿ ದಂಪತಿಗಳೂ ಕೆಲವು ವರ್ಷದಲ್ಲಿ ಇದೇ ಊರಿಗೆ ಬಂದು ಮನೆ ಕಟ್ಟಿಸಿದರು. ಹೌದು, ಬಾಗಿಲಲ್ಲಿ ನಿಂತು ಸೌದಿ ವಿಷಯ ಬೇಡ ಎಂದ ಉಪಾಧ್ಯಕ್ಷರು ಅವರೇ. ಇಷ್ಟು ವರ್ಷ ಒಂದೇ ಚರ್ಚಿನಲ್ಲಿ ಮುಖ ನೋಡಿದ್ದೇವೆ, ನಾನು ಒಂದು ಮಾತು ಎತ್ತಿದವಳಲ್ಲ. ಅವರೂ ಎತ್ತದೆ ಇದ್ದಿದ್ದರೆ ಇದು ನನ್ನ ಜೊತೆ ಮಣ್ಣಿಗೆ ಹೋಗುತ್ತಿತ್ತು. ಆದರೆ ಸುಮ್ಮನಿರು ಎಂದು ನನಗೆ ಹೇಳಬಾರದಿತ್ತು.

ಹೊಸ ಟೀಚರಿಗೆ ನನ್ನ ಉತ್ತರ: ಪ್ರೊಜೆಕ್ಟರ್ ಹಾಳಾದರೆ ಹಾಳಾಗಲಿ. ತರಗತಿಯಲ್ಲಿ ಯಾವ ಮಗು ಯಾರ ಪಕ್ಕ ಕೂರುವುದಿಲ್ಲ ಎಂದು ನೋಡು. ನಿನ್ನ ಪಾಠ ಅಲ್ಲಿಂದ ಶುರು. ಅದಕ್ಕಾಗಿ ಯಾರಾದರೂ ನಿನ್ನನ್ನು ತೆಗೆದುಹಾಕಿದರೆ ನನ್ನ ಮನೆಗೆ ಬಾ, ಚಾ ಮಾಡಿಕೊಡುತ್ತೇನೆ.

ಸೆಲಾಂ ಸುಡಾನಿನ ಶಿಬಿರದಿಂದ ಎಷ್ಟೋ ವರ್ಷದ ಮೇಲೆ ಕೆನಡಾ ತಲುಪಿದಳು. ಅಲ್ಲಿನ ಆಫೀಸಿನವರು ಹುಟ್ಟಿದ ದಿನ ಯಾವುದು ಎಂದು ಕೇಳಿದಾಗ ಆ ಶುಕ್ರವಾರದ ತಾರೀಕು ಹೇಳಿದಳಂತೆ. ಅವಳ ಪಾಸ್‌ಪೋರ್ಟಿನಲ್ಲಿರುವುದು ಅದೇ. ವರ್ಷವರ್ಷ ಆ ದಿನ ನನಗೆ ಫೋನ್ ಮಾಡುತ್ತಾಳೆ.

ಇವತ್ತು ಬೆಳಿಗ್ಗೆಯೂ ಮಾಡಿದಳು. ಕೇಕ್ ಮಾಡಿದ್ದೇನೆ. ಒಂದು ತುಂಡನ್ನು ಗುಲಾಬಿ ಅಂಚಿನ ತಟ್ಟೆಯಲ್ಲಿಟ್ಟು ಪಕ್ಕದ ಮನೆಯ ಹುಡುಗನ ಕೈಯಲ್ಲಿ ಉಪಾಧ್ಯಕ್ಷರ ಮನೆಗೆ ಕಳಿಸಿದ್ದೇನೆ. ಯಾರ ಹುಟ್ಟುಹಬ್ಬ ಎಂದು ಅವರು ಕೇಳಿದರೆ ಹೆಸರು ಹೇಳಬೇಕೆಂದೂ, ಕೇಕ್ ತಿಂದ ಮೇಲೆ ತಟ್ಟೆ ತೊಳೆದು ವಾಪಸ್ ಕಳಿಸಬೇಕೆಂದೂ ಹೇಳಿ ಕಳಿಸಿದ್ದೇನೆ.